ಖಾಲಿ ಬಾಟಲಿ ತೋರಿಸಿ ತಂದ ಔಷಧ

ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಎಂಬತ್ತರ ದಶಕದ ಮಾತು. ಇಜೇರಿಗೆ ಕೊಟ್ಟಿದ್ದ ನನ್ನಕ್ಕನ ಕಣ್ಣು ಒಮ್ಮೆ ಕೆಂಡದಂತೆ ಕೆಂಪಾಗಿ, ಬೆಳಕು ಕಂಡರೆ ತಲೆ ಸಿಡಿಯುವಷ್ಟು ನೋವು ಬಂತು. ಜೇವರ್ಗಿಯ ಡಾಕ್ಟರು ಕಣ್ಣಿನೊಳಗೆ ಉರಿಯೂತವಾಗಿದೆ ಎಂದು ಸ್ಟೀರಾಯ್ಡ್ ಹನಿ ಬರೆದುಕೊಟ್ಟರು. ಹನಿಯನ್ನು ಮೆಲ್ಲಗೆ ಕಡಿಮೆ ಮಾಡುತ್ತ ಬರಬೇಕು, ತಾವಾಗಿ ನಿಲ್ಲಿಸಬಾರದು, ತಾವಾಗಿ ಮುಂದುವರಿಸಲೂಬಾರದು, ಮತ್ತೆ ಬಂದು ಕಣ್ಣಿನ ಒತ್ತಡ ನೋಡಿಸಿಕೊಳ್ಳಬೇಕು ಎಂದೆಲ್ಲ ಹೇಳಿದರು. ಹೇಳಿದ್ದು ಯಾರಿಗೆ? ಬಾಗಿಲಲ್ಲಿ ನಿಂತಿದ್ದ ಭಾವನಿಗೆ. ಕಣ್ಣು ಅಕ್ಕನದು, ಮಾತು ಗಂಡನ ಜೊತೆ. ಭಾವ ಬಸ್ ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ಅದನ್ನೆಲ್ಲ ಒಂದೇ ಮಾತಿಗೆ ಇಳಿಸಿದ್ದ: "ಕೆಂಪಾದ್ರ ಎರಡ ಹನಿ ಹಾಕ್ಕೋ."

ಹನಿ ಹಾಕುತ್ತಲೇ ಉರಿ ಇಳಿಯಿತು. ಕೆಟ್ಟಿದ್ದೇ ಅಲ್ಲಿ. ಅಕ್ಕನ ಅತ್ತೆ ಆ ಬಾಟಲಿಯನ್ನು ದೇವರ ಮಾಡದಲ್ಲಿ, ವಿಭೂತಿ ಗಟ್ಟಿಯ ಪಕ್ಕ ಇಟ್ಟಳು. ತೊಗರಿ ರಾಶಿಯ ದೂಳು ಬಿದ್ದರೂ ಅದೇ, ಒಲೆಯ ಹೊಗೆಗೂ ಅದೇ, ನಿದ್ದೆಗೆಟ್ಟರೂ ಅದೇ. ಓಣಿಯ ಹೆಂಗಸರು ಹೆಪ್ಪಿಗೆ ಮಜ್ಜಿಗೆ ಕೇಳಿದ ಹಾಗೆ ಬಂದು ಹನಿ ಹಾಕಿಸಿಕೊಂಡು ಹೋಗುತ್ತಿದ್ದರು. ಮುಗಿದರೆ, ಜೇವರ್ಗಿ ಸಂತೆಗೆ ಹೊರಟವರ ಕೈಗೆ ಖಾಲಿ ಬಾಟಲಿ. ಔಷಧಿ ಅಂಗಡಿಯವನು ಚೀಟಿ ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲ. ಬಾಟಲಿ ನೋಡಿದ, ಇನ್ನೊಂದು ಕೊಟ್ಟ. ವರ್ಷಗಟ್ಟಲೆ ಕೊಟ್ಟ, ಪುಣ್ಯಾತ್ಮ!

ಅಕ್ಕ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳತೊಡಗಿದಳು. ಪಕ್ಕದಲ್ಲಿಟ್ಟ ತಂಬಿಗೆ ಒದ್ದು ನೀರು ಚೆಲ್ಲುತ್ತಿದ್ದಳು. "ಕಣ್ಣ ಕಾಣಂಗಿಲ್ಲೇನ ಬೇ ನಿನಗ?" ಎಂದು ಮನೆಯವರೆಲ್ಲ ಬೈದರು. ಬೈದರೇ ಹೊರತು ಒಬ್ಬರಾದರೂ ಅದನ್ನು ನಿಜವಾಗಿ ಕೇಳಲಿಲ್ಲ. ನೋವಿಲ್ಲ, ಎದುರಿಗಿದ್ದದ್ದು ಚೆನ್ನಾಗಿಯೇ ಕಾಣುತ್ತದೆ. ಹೀಗಾಗಿ ಅವಳಿಗೂ ತಿಳಿಯಲಿಲ್ಲ.

ನಾನಾಗ ಆಳಂದದಲ್ಲಿ ಟೀಚರಾಗಿದ್ದೆ. ರಜೆಗೆ ಹೋದಾಗ ಇದನ್ನು ಕಂಡು, ಮನೆಯವರ ಜೊತೆ ಜಗಳಾಡಿ ಅವಳನ್ನು ಗುಲ್ಬರ್ಗಕ್ಕೆ ಕರೆದೊಯ್ದೆ. ಅಲ್ಲಿನ ಡಾಕ್ಟರಮ್ಮ ಅಕ್ಕನನ್ನೇ ಎದುರಿಗೆ ಕೂಡಿಸಿಕೊಂಡು ಹೇಳಿದರು: "ಔಷಧ ಕೆಟ್ಟದ್ದಲ್ರಿ. ಅವತ್ತ ನಿಮ್ಮ ಕಣ್ಣ ಕಾಯ್ದದ್ದು ಅದಽ. ಆದ್ರ ತೋರಿಸಿಕೊಳ್ದಂಗ ಹಾಕ್ಕೋತ ಹೋದ್ರ ಕೆಲವ್ರಿಗೆ ಕಣ್ಣಾಗ ಒತ್ತಡ ಏರಿ ನರ ಸಾಯ್ತದ. ಎಡಬಲದ ನೋಟ ಮೊದ್ಲ ಹೋಗ್ತದ. ಹೋದ ನೋಟ ತಿರುಗಿ ಬರಂಗಿಲ್ಲ. ಉಳದದ್ದರ ಉಳಿಸ್ಕೋಬೇಕ್ರಿ."

ಇಜೇರಿಗೆ ಮರಳಿದ ಸಂಜೆ ಪಡಸಾಲೆಯಲ್ಲಿ ನಿಂತು ಕೂಗಾಡಿದೆ. ಭಾವನನ್ನು ಬಿಡಲಿಲ್ಲ, ಅಂಗಡಿಯವನ ಜನ್ಮ ಜಾಲಾಡಿದೆ. ಆ ಗದ್ದಲದಲ್ಲೇ ಅತ್ತೆ ಒಳಗಿನಿಂದ ಬಂದು ಅಕ್ಕನ ಮಗ್ಗುಲಲ್ಲಿ ಕುಳಿತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನನಗೆ ಎಳ್ಳಷ್ಟೂ ಕನಿಕರ ಬರಲಿಲ್ಲ. ಅವಳಿಗೆ ನಾಟಲೆಂದೇ ಅಕ್ಕನಿಗೆ ಹೇಳಿದೆ, "ದೇವರ ಮಾಡದಾಗ ಇಟ್ಟು ಓಣಿಗೆಲ್ಲ ಹಂಚಿದಾಕಿ ನಿಮ್ಮತ್ತೀನಽ ಅಲ್ಲೇನು?"

ಅಕ್ಕ ನನ್ನ ಮುಖವನ್ನೇ ನೋಡುತ್ತ ಕೈಯೆತ್ತಿ ತಡೆದಳು.

"ಸುಮ್ನಿರು ಬೇ. ಆಕಿ ಇಲ್ದಾಗ ಹಂಗ ಅನಬ್ಯಾಡ. ಹೊರಗ ಬರ್ಲಿ, ಮಾರಿ ಮುಂದ ಕೇಳು."

ಗೇಣು ದೂರದಲ್ಲಿ ಕುಳಿತಿದ್ದ ಅತ್ತೆಯ ಅಳು ಅಲ್ಲಿಗೇ ನಿಂತಿತು.