ಬಳಚಿನ ಕೆಸರಿಗೆ ಇಳಿದ ಗಾಡಿ

ಅಳಿಯನ ಎದುರು ಅತ್ತೆ ಬಾಯಿ ಬಿಡಬಾರದೆಂಬ ರೂಢಿ ನಮ್ಮ ತಿಕೋಟಾದ ಮನೆಯಲ್ಲಿತ್ತು. ಮೊಮ್ಮಕ್ಕಳೇ, ನಿಮ್ಮಪ್ಪನಿಗೆ ಹೇಳಬೇಕಾದದ್ದನ್ನೆಲ್ಲ ನಾನು ನನ್ನ ಮಗಳು, ನಿಮ್ಮವ್ವನ ಮುಖಾಂತರವೇ ಹೇಳುತ್ತಿದ್ದೆ. ಆ ರೂಢಿ ಮುರಿದದ್ದು ಕುಮಟಾ ಕಡೆ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ. ನೀವು ಆಗ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದಿರಿ. ಅದಕ್ಕೇ ಬರೆಯುತ್ತಿದ್ದೇನೆ.

ಊರಿಂದಲೇ ಬಾಡಿಗೆಗೆ ಹಿಡಿದ ಕ್ರೂಸರ್ ಗಾಡಿಯನ್ನು ನಿಮ್ಮಪ್ಪನೇ ಓಡಿಸುತ್ತಿದ್ದ. ನಾವು ಮುಟ್ಟಿದಾಗ ಸಮುದ್ರದ ಇಳಿತ. ನೀರು ದೂರ ಸರಿದು ಕಪ್ಪು ಕೆಸರು ಬಯಲಾಗಿ ಬಿದ್ದಿತ್ತು. ನಮ್ಮ ಕಣ್ಣಿಗೆ ಅದು ನಮ್ಮ ಕಡೆಯ ಡೋಣಿ ಹೊಳೆ ಬೇಸಿಗೆಯಲ್ಲಿ ಬತ್ತಿದ ಹಾಗೆಯೇ. ಬತ್ತಿದ ಹೊಳೆಗೆ ಗಾಡಿ ಇಳಿಸಿ ಬುತ್ತಿ ಬಿಚ್ಚುವುದು ನಮಗೇನು ಹೊಸದೇ?

ಪ್ರವಾಸಿಗರಿಗೆ ಕೋಣೆ ಬಾಡಿಗೆ ಕೊಡುವವನೊಬ್ಬ ದಂಡೆಯಿಂದ ಕೈಬೀಸಿದ. "ಇಳಿಸಿ, ಇಳಿಸಿ. ಎಲ್ಲರೂ ನೀರಿನ ತನಕ ಹೋಗ್ತಾರೆ." ಅಷ್ಟು ನಗುತ್ತ ಕರೆಯುವವರನ್ನು ನಾನು ನಂಬುವುದಿಲ್ಲ. ಅಷ್ಟರಲ್ಲಿ ಕೆಸರು ಕೆದಕುತ್ತಿದ್ದ ಹೆಂಗಸೊಬ್ಬಳು ಕೂಗಿದಳು.

"ಗಾಡಿ ತರಬೇಡಿ! ಬಳಚಿನ ಮರಿ ಅದೆ ಇಲ್ಲಿ."

ಬಳಚು ಎಂದರೆ ಕೆಸರಿನಲ್ಲಿ ಬೆಳೆಯುವ, ಚಿಪ್ಪಿನೊಳಗಿನ ಜೀವ. ಆ ದಂಡೆಯವರ ಊಟವೂ ಅದೇ, ಸಂತೆಯಲ್ಲಿ ಮಾರುವುದೂ ಅದೇ.

"ಯಾವ ಮರೀನೂ ಕಾಣವಲ್ದು" ಎಂದು ನಿಮ್ಮಪ್ಪ ನಕ್ಕ. "ಬ್ಯಾರೆ ಹೋಟೆಲಿನಾಕಿ ಇರಬೇಕು. ಗಿರಾಕಿ ಓಡಸಾಕತ್ತಾಳ."

ಕೈಬೀಸಿದವನನ್ನು ನಂಬದಿದ್ದರೂ ನನಗೂ ಹಾಗೇ ಅನ್ನಿಸಿತು. ಗಾಡಿ ಇಳಿಯಿತು.

ಕೂಡಲು ಒಣ ಜಾಗ ಹುಡುಕಲೆಂದು ನಿಮ್ಮಪ್ಪ ನಡುವೆ ಗಾಡಿ ನಿಲ್ಲಿಸಿದ. ನಾನು ಇಳಿದೆ. ಗಾಲಿಯ ಜಾಡಿನಲ್ಲಿ ಏನೋ ಮಿನುಗಿತು. ಜೋಳದ ಕಾಳಿನಷ್ಟು ಚಿಪ್ಪುಗಳು ಒಡೆದು ಕೆಸರಿಗೆ ಅಂಟಿದ್ದವು. ಪಕ್ಕದಲ್ಲಿ ಬೇರೆ ಗಾಡಿಗಳ ಹಳೆಯ ಜಾಡುಗಳು, ನೀರಿನ ಬಾಟಲಿ, ಚಿಪ್ಸಿನ ಖಾಲಿ ಪಾಕೀಟು. ಬಬಲೇಶ್ವರದ ನಿಮ್ಮ ಹೊಲದ ಮೊಳಕೆಯ ಮೇಲೆ ಯಾರಾದರೂ ಹೀಗೆ ಗಾಡಿ ಹೊಡೆದಿದ್ದರೆ ನಿಮ್ಮಪ್ಪ ಸುಮ್ಮನಿರುತ್ತಿದ್ದನೇ?

"ಬಿತ್ತಿದ ಹೊಲಾ ಇದು. ಮುಂದ ಹೋಗಬ್ಯಾಡ್ರಿ ಅನ್ನು ಅವರಿಗೆ" ಎಂದು ನಿಮ್ಮವ್ವನ ಕಿವಿಯಲ್ಲಿ ಹೇಳಿದೆ.

"ಸುಮ್ನಿರಬೇ ಯವ್ವಾ. ಹುಡುಗ್ರು ಹಸ್ಕೊಂಡ ಮಲಗ್ಯಾವ."

ನನ್ನ ಮಾತು ನಿಮ್ಮಪ್ಪನನ್ನು ಮುಟ್ಟಲೇ ಇಲ್ಲ. ಗಾಡಿ ಮತ್ತೆ ಗುರ್ ಎಂದಿತು. ನಾನು ಸೆರಗು ತಲೆಯ ಮೇಲೆಳೆದುಕೊಂಡು ಗಾಡಿಯ ಮುಂದೆ ಹೋಗಿ ನಿಂತೆ.

"ಅಳ್ಯಾರ, ಬಂದ ಜಾಡಿನಾಗ ಹಿಂದಕ್ಕ ತಗೋರಿ."

ನಿಮ್ಮಪ್ಪ ನಿಮ್ಮವ್ವನ ಮುಖ ನೋಡಿದ. "ಏನಬೇ, ನಿಮ್ಮವ್ವಗ ಬಾಯಿ ಐತಲ್ಲ!" ಎಂದವನು ನಗಲಿಲ್ಲ. ಗಾಡಿಯನ್ನು ಹಿಂದಕ್ಕೆ ತೆಗೆದ.

ನಾನು ಆ ಹೆಂಗಸಿಗೆ ಶೇಂಗಾ ಹೋಳಿಗೆ ಕೊಡಹೋದೆ. ಅವಳು ಮುಟ್ಟಲಿಲ್ಲ. "ಇವತ್ತು ಹೋಗ್ತ್ರಿ, ನಾಳೆ ಮತ್ತೊಂದು ಗಾಡಿ ಬರ್ತದೆ" ಎಂದು ಬುಟ್ಟಿ ಬದಿಗಿಟ್ಟು, ಗಾಡಿ ಇಳಿಯುವ ದಾರಿಗೆ ಅಡ್ಡಲಾಗಿ ಕಲ್ಲು ಜೋಡಿಸತೊಡಗಿದಳು. ನಾನೂ ಒಂದು ಕಲ್ಲು ಎತ್ತಿ ನೀಡಿದೆ. ಕೈಚಾಚುವ ಮೊದಲು ಅವಳು ನನ್ನನ್ನು ದಾಟಿ ದಂಡೆಯತ್ತ ನೋಡಿದಳು, ನಮ್ಮ ಗಾಡಿ ನಿಜವಾಗಿಯೂ ಮೇಲೆ ಹತ್ತಿದೆಯೇ ಎಂದು.