ಸಂಜೆ ನಾಲ್ಕರ ಡೌಟುಗಳು

ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಹಿಮ್ಮಡಿಯ ಬಿರುಕುಗಳಲ್ಲಿ ಒಣಗಿದ ಗದ್ದೆ ಕೆಸರು. ಕಂಪ್ಯೂಟರ್ ಕೋಣೆಯ ಹೊರಗಿದ್ದ ನಲ್ಲಿಯ ಕೆಳಗೆ ಒಂದೊಂದೇ ಕಾಲಿಟ್ಟು, ಕಲ್ಲಿಗೆ ತಿಕ್ಕಿ ತೊಳೆದು, ಕರ್ಚೀಫಿನಿಂದ ಬೆರಳ ಸಂದಿಗಳನ್ನೂ ಒರೆಸಿಕೊಂಡ ಮೇಲೆಯೇ ನಮ್ಮ ಮೇಷ್ಟ್ರು ಒಳಗೆ ಬರುತ್ತಿದ್ದುದು. ಕಿರಂಗೂರಿನ ಗದ್ದೆಗೆ ಬೆಳಿಗ್ಗೆ ನೀರು ಕಟ್ಟಿ, ಪಾಂಡವಪುರದ ಬಸ್ಸು ಹಿಡಿದು ಬರುತ್ತಿದ್ದರು. ಓದಿದ್ದು, ಜೀವನವಿಡೀ ಪಾಠ ಹೇಳಿದ್ದು ಗಣಿತ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಹೊಣೆ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವರ ತಲೆಗೆ ಬಂದಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದ ಹೊರಗಿದ್ದ ನಮ್ಮ ಕಾಲೇಜು ಕೇಂದ್ರಕ್ಕೆ ವಿಶ್ವವಿದ್ಯಾಲಯದವರು ಎರಡು ವರ್ಷದ ಹೊಸ ಕಂಪ್ಯೂಟರ್ ಕೋರ್ಸು ಕೊಡುವಾಗಲೇ ಷರತ್ತು ಹಾಕಿದ್ದರು. ಕಂಪನಿಯಲ್ಲಿ ಕೆಲಸ ಮಾಡಿ ಬಂದವರು ಒಬ್ಬರಾದರೂ ಪಾಠಕ್ಕೆ ಇರಬೇಕು, ಇಲ್ಲದಿದ್ದರೆ ಕೋರ್ಸು ಮೈಸೂರಿಗೆ ವಾಪಸ್ಸು. ಜಾಹೀರಾತು ನೋಡಿ ಇಬ್ಬರು ಬಂದರು. ಒಬ್ಬ ಮೊದಲ ಭಾನುವಾರ ಊರಿಗೆ ಹೋದವನು ತಿರುಗಿ ಬರಲಿಲ್ಲ. ಇನ್ನೊಬ್ಬ ಬಸ್ ಸ್ಟ್ಯಾಂಡ್ ನೋಡಿಯೇ ಹಿಂದಿರುಗಿದ. ಸೇರಿದ್ದ ವಿದ್ಯಾರ್ಥಿಗಳಲ್ಲಿ ಅರ್ಧಕ್ಕರ್ಧ ಹೆಣ್ಣುಮಕ್ಕಳು. ಮೈಸೂರಿಗೆ ಕಳಿಸಿ ಓದಿಸುವ ಮನೆಗಳಲ್ಲ ಅವು. ಕೋರ್ಸು ಹೋದರೆ ಅವರ ಓದು ಅಲ್ಲಿಗೆ ಮುಗಿದ ಹಾಗೆ.

ಆಗ ಮೇಷ್ಟ್ರು ಜಾಹೀರಾತು ನೆಚ್ಚುವುದನ್ನು ಬಿಟ್ಟು ತಾವೇ ಹೊರಟರು. ಯಾವ ಕಂಪನಿಯ ಬಾಗಿಲಿಗೂ ಹೋಗಲಿಲ್ಲ. ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಎಂದು ಅಲೆದು, ಯಾರ ಮನೆಯ ಮಕ್ಕಳು ಕಂಪ್ಯೂಟರ್ ಕೆಲಸದಲ್ಲಿದ್ದಾರೆಂದು ಶಾಲಾ ಮಾಸ್ತರರನ್ನು ವಿಚಾರಿಸಿ, ನೇರ ಅಪ್ಪ ಅಮ್ಮನ ಮುಂದೆ ಹೋಗಿ ಕೂರುತ್ತಿದ್ದರು. ಈ ಸೀಮೆಯ ಮಕ್ಕಳಾದರೆ ನಿಲ್ಲುತ್ತಾರೆ ಎನ್ನುವುದು ಅವರ ಲೆಕ್ಕಾಚಾರ.

ಹಾಗೆ ಒಂದು ಭಾನುವಾರ ಹೊಸಹೊಳಲಿನ ನಮ್ಮ ಮನೆಗೂ ಬಂದರು. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಹುಡುಗಿ ಏನು ಓದಿದ್ದಾಳೆ, ಸ್ವಭಾವ ಹೇಗೆ, ಈ ಕಡೆ ಬಂದು ಇರಲು ಒಪ್ಪುತ್ತಾಳಾ ಎಂದು ವಿಚಾರಿಸಿದರು. ನನ್ನಮ್ಮ ಇವರು ಗಂಡಿನ ಕಡೆಯವರೇ ಎಂದು ತೀರ್ಮಾನಿಸಿ, ಒಳಗೆ ಹೋಗಿ ಕೇಸರಿಬಾತಿಗೆ ರವೆ ಹುರಿದಳು. ತಟ್ಟೆಯ ಜೊತೆ ನನ್ನ ಫೋಟೋವನ್ನೂ ತಂದಿಟ್ಟು, ಹುಡುಗ ಏನು ಮಾಡಿಕೊಂಡಿದ್ದಾನೆ ಎಂದು ಕೇಳಿದಾಗಲೇ ಮೇಷ್ಟ್ರಿಗೆ ಎಡವಟ್ಟು ಗೊತ್ತಾಗಿದ್ದು. ಆದರೂ ಕೇಸರಿಬಾತನ್ನು ಪೂರ್ತಿ ತಿಂದೇ ವಿಷಯ ಹೇಳಿದರಂತೆ. ಬೆಂಗಳೂರಿನಲ್ಲಿದ್ದ ನನಗೆ ಅಪ್ಪನ ಕಾಗದ ಬಂತು. ಕಂಪನಿಯ ಕೆಲಸ ಆ ಹೊತ್ತಿಗೆ ಬೇಸರ ತಂದಿತ್ತು, ಪಾಠ ಹೇಳುವ ಆಸೆಯೂ ಇತ್ತು. ಸಂದರ್ಶನ ಮುಗಿದ ಮೇಲೆ ಮೇಷ್ಟ್ರು ಕೇಳಿದ್ದು ಒಂದೇ ಮಾತು: “ಈ ಮಕ್ಳು ಎಲ್ಡು ವರ್ಸ ಮುಗ್ಸೋಗಂಟ ಇರ್ತೀಯೇನವ್ವ?” ಇರುತ್ತೇನೆ ಎಂದೆ.

ಪಾಂಡವಪುರದಲ್ಲಿ ಒಂದು ಕೋಣೆ ಹಿಡಿದೆ. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಒಂಟಿತನ ಶುರುವಾಯಿತು. ಜನರಿಗೇನೂ ಕೊರತೆಯಿರಲಿಲ್ಲ. ಓನರಮ್ಮ ಬಸ್ಸಾರು ಮಾಡಿದಾಗ ಒಂದು ಬಟ್ಟಲು ತಂದುಕೊಡುತ್ತಿದ್ದರು, ಹುಡುಗಿಯರು ಸಾಲುಸಾಲಾಗಿ ತೊಣ್ಣೂರಿನ ಕೆರೆಗೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ಮೂರು ದಿನ ಕಾಡಿದ ತಪ್ಪೊಂದನ್ನು ಪ್ರೋಗ್ರಾಮಿನಲ್ಲಿ ಕೊನೆಗೂ ಹಿಡಿದಾಗ, ನೋಡು ಎಂದು ತೋರಿಸಲು ಒಬ್ಬರೂ ಇರಲಿಲ್ಲ. ಎಷ್ಟೋ ಸಲ ತಿರುಗಿ ಪಕ್ಕದ ಖಾಲಿ ಕುರ್ಚಿ ನೋಡಿ ಮತ್ತೆ ಪರದೆಯ ಕಡೆ ಹೊರಳಿದ್ದೇನೆ. ಸ್ಟಾಫ್ ರೂಮಿನಲ್ಲಿ ನನ್ನ ಕೆಲಸದ ಮಾತು ತೆಗೆದರೆ ಎಲ್ಲರೂ ಗೌರವದಿಂದ ಕೇಳಿ, ಆಮೇಲೆ ಕಬ್ಬಿನ ವಿಷಯಕ್ಕೆ ಹೋಗುತ್ತಿದ್ದರು.

ಇದು ಯಾವಾಗ ಮೇಷ್ಟ್ರ ಕಣ್ಣಿಗೆ ಬಿತ್ತೋ ತಿಳಿಯದು. ಒಂದು ದಿನ ಸಂಜೆ ನಾಲ್ಕಕ್ಕೆ ಎಂದಿನಂತೆ ಕಾಲು ತೊಳೆದು ಒಳಗೆ ಬಂದು, ಆ ಖಾಲಿ ಕುರ್ಚಿಯಲ್ಲಿ ಕೂತು, ನನ್ನ ಪ್ರೋಗ್ರಾಮಿಂಗ್ ಪುಸ್ತಕವೊಂದನ್ನು ಓದಲು ಕೇಳಿ ಒಯ್ದರು. ಆಮೇಲೆ ದಿನಾ ನಾಲ್ಕಕ್ಕೆ ಹಾಜರು, ಕೈಯಲ್ಲಿ ಡೌಟುಗಳ ಚೀಟಿ. ಐವತ್ತೈದು ದಾಟಿದ ಮನುಷ್ಯ, ಒಂದೊಂದೇ ಕೀಲಿ ಹುಡುಕಿ ಒತ್ತುವರು. ನಾನು ಸರಿ ಮಾಡಲು ಕೈ ಹಾಕಿದರೆ ತಡೆಯುವರು. “ಎಡವುದ್ದೆಲ್ಲಿ ಅಂತ ತೋರ್ಸವ್ವ ಸಾಕು, ಏಳೋದು ನಾನ್ ಏಳ್ತೀನಿ” ಎನ್ನುವರು.

ನನಗೋ ಇವರು ನನ್ನನ್ನು ಕಾಯುತ್ತಿದ್ದಾರೆ ಎಂಬ ಅನುಮಾನ. ಓಡಿಹೋದ ಇಬ್ಬರ ನೆನಪಿನಲ್ಲಿ ಮೂರನೆಯವಳಿಗೆ ಪಹರೆ ಹಾಕಿದ್ದಾರೆ ಅಂದುಕೊಂಡೆ. ಒಂದು ಸಂಜೆ ತಡೆಯಲಾರದೆ, ನನ್ನ ಕೆಲಸ ಪರೀಕ್ಷೆ ಮಾಡುವುದಿದ್ದರೆ ನೇರವಾಗಿ ಮಾಡಿ, ದಿನಾ ಹೀಗೆ ಬಂದು ಕೂರಬೇಡಿ ಎಂದುಬಿಟ್ಟೆ. “ಅಂಗಲ್ಲ ಕಣವ್ವ” ಎಂದರು. ಚೀಟಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದುಹೋದರು. ಮರುದಿನ ನಾಲ್ಕಕ್ಕೆ ಯಾರೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ನಾನು ಬಾಗಿಲ ಕಡೆ ನೋಡುತ್ತಿದ್ದೆ ಎನ್ನುವುದು ನಿಜ, ಹೋಗಿ ಕರೆಯಲಿಲ್ಲ ಎನ್ನುವುದೂ ನಿಜ. ನನಗೆ ಅಷ್ಟು ಧಿಮಾಕಿತ್ತು.

ನಾನು ಸೇರಿದ ಹನ್ನೊಂದನೆಯ ತಿಂಗಳಲ್ಲಿ ಹಳೆಯ ಕಂಪನಿಯವರು ಮತ್ತೆ ಕರೆದರು. ಮಕ್ಕಳಿಗೆ ಇನ್ನೂ ಒಂದು ವರ್ಷ ಬಾಕಿಯಿತ್ತು. ರಾಜೀನಾಮೆ ಪತ್ರ ಹಿಡಿದು ಮೇಷ್ಟ್ರ ಮುಂದೆ ನಿಂತೆ. ಕೊಟ್ಟ ಮಾತನ್ನು ನೆನಪಿಸಿದ್ದರೆ ವಾದಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಅವರು ಪತ್ರವನ್ನು ಎರಡು ಸಲ ಓದಿ, ಸಹಿ ಹಾಕಿದರು.

“ನಿಂಗಿಲ್ಲಿ ಬೇಜಾರಾಗ್ಯದೆ ಅಂತ ನಂಗೊತ್ತು. ಹೋಗ್ಬುಡು ಮಗಾ. ಮನ್ಸಿಲ್ದಲೆ ಇದ್ರೆ ಪಾಠಾನೂ ಕೆಡ್ತದೆ, ನೀನೂ ಕೆಡ್ತೀಯ.”

ನನ್ನ ಸೂಟ್‌ಕೇಸನ್ನು ತಾವೇ ಎತ್ತಿಕೊಂಡು ಬಸ್ಸಿನವರೆಗೆ ಬಂದರು, ಕಿಟಕಿ ಪಕ್ಕದ ಸೀಟಿಗೆ ಟವೆಲ್ ಹಾಕಿಕೊಟ್ಟರು. ಬೇರೆ ಯಾರೂ ಸಿಗದೆ ಎರಡೇ ತಿಂಗಳಿಗೆ ಕೋರ್ಸು ಮೈಸೂರಿಗೆ ಹೋಯಿತು. ಆ ಹುಡುಗಿಯರಲ್ಲಿ ಎಷ್ಟು ಮಂದಿ ಮನೆಯಲ್ಲೇ ಉಳಿದರು ಎಂದು ಕೇಳುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಮೂರು ವರ್ಷದ ನಂತರ ಮೇಷ್ಟ್ರು ತೀರಿಕೊಂಡ ಸುದ್ದಿಯನ್ನು ಅಮ್ಮ ತಿಳಿಸಿದಳು. ತಿಥಿಯ ದಿನ ಕಿರಂಗೂರಿಗೆ ಹೋದೆ. ಮನೆ ತುಂಬ ನೆಂಟರು, ಮೊಮ್ಮಕ್ಕಳು. ಅವರ ಹೆಂಡತಿಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹೆಸರು ಹೇಳಿದ ಕೂಡಲೇ ಆಕೆ ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು.

“ಆ ಮಗೀಗೆ ಅದ್ರ ಕೆಲ್ಸದ ಮಾತಾಡಕ್ಕೆ ಅಲ್ಲಿ ಒಬ್ರೂ ಇಲ್ಲ, ನಾನಾರ ಕಲ್ತ್ಕಂಡ್ರೆ ನಿಂತ್ಕತದೇನೋ ಅಂತಿದ್ರು ಕಣವ್ವ. ಗದ್ದೆ ಬದುವಿನ್ ಮ್ಯಾಲೆ ಕೂತ್ಕಂಡು ನಿನ್ ಪುಸ್ತಕ ಓದೋರು. ನೀನು ಹೋದ್ ಮ್ಯಾಲೂ ಬುಡ್ನಿಲ್ಲ, ಪೂರ್ತಿ ಮುಗ್ಸುದ್ರು.”

ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಅವರ ಋಣ ತೀರಿಸುವುದು ನನ್ನಿಂದ ಆಗದ ಮಾತು. ಪೂರ್ತಿ ಮುಗಿಸಿದರಂತೆ. ಆ ಪುಸ್ತಕದ ಕೊನೆಯ ಅಧ್ಯಾಯಗಳು ಸುಲಭವಲ್ಲ, ಯಾರಿಗಾದರೂ ಡೌಟು ಬಂದೇ ಬರುತ್ತದೆ. ನನಗೆ ಜೊತೆಯಾಗಲೆಂದು ಕಲಿತ ಮಾತನ್ನು, ನಾನು ಬಿಟ್ಟುಬಂದ ಮೇಲೆ, ಅವರು ಯಾರ ಹತ್ತಿರ ಹೋಗಿ ಆಡಿದರೋ.