ಮನೆಯೊಳಗೆ ಕೇಳದೇ ಹೋದ ಮಾಫಿ

ಹಜ್‌ಗೆ ಹೊರಡುವವರು ಮೊದಲು ಊರವರ ಹತ್ತಿರವೆಲ್ಲ ಹೋಗಿ ಮಾಫಿ ಕೇಳಿಕೊಳ್ಳಬೇಕು ಎನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆಡಿದ ಮಾತಿನಲ್ಲೋ ಮಾಡಿದ ಕೆಲಸದಲ್ಲೋ ತಪ್ಪಾಗಿದ್ದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ ಎಂದು ಕೈ ಹಿಡಿದು ಹೇಳಬೇಕು. ದೇವರಿಗೆ ಮಾಡಿದ ತಪ್ಪನ್ನು ದೇವರು ಮನ್ನಿಸುತ್ತಾನೆ, ಮನುಷ್ಯರಿಗೆ ಮಾಡಿದ್ದನ್ನು ಆ ಮನುಷ್ಯರೇ ಮನ್ನಿಸಬೇಕು ಎಂದು ನಮಗೆ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದರು. ಐವತ್ತರ ದಶಕದ ನಡುವಿನಲ್ಲಿ ತಾಯಿಯನ್ನು ಕರೆದುಕೊಂಡು ಹೊರಟಾಗ ಈ ಕೆಲಸಕ್ಕೆ ನಾನು ಪೂರ್ತಿ ಎಂಟು ದಿನ ತೆಗೆದುಕೊಂಡೆ. ಅಷ್ಟು ಅಚ್ಚುಕಟ್ಟಿನ ಮನುಷ್ಯ ನಾನು ಎಂದು ನನ್ನ ಬಗ್ಗೆ ನನಗೆ ಬಲು ಹೆಮ್ಮೆಯಿತ್ತು.

ಹುಣಸೂರಿನ ಒಂದು ಮರದ ಡಿಪೋದಲ್ಲಿ ಮೇಲ್ವಿಚಾರಣೆಯ ಕೆಲಸ ನನ್ನದು. ಗಾಡಿಯವರ ಹತ್ತಿರ ಕೇಳಿದೆ, ಗರಗಸದವರ ಹತ್ತಿರ ಕೇಳಿದೆ, ನನಗೆ ಕ್ಷೌರ ಮಾಡುತ್ತಿದ್ದವನ ಹತ್ತಿರವೂ ಕೇಳಿದೆ. ಹೆಗ್ಗಡದೇವನಕೋಟೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಾಡಿನಂಚಿನವರೆಗೆ ನಡೆದು, ನಮಗೆ ದಿಮ್ಮಿ ಎತ್ತಿಕೊಡುತ್ತಿದ್ದ ಹಾಡಿಯ ಕಾಡುಜನರನ್ನೂ ಹುಡುಕಿದೆ. ಅವರಲ್ಲಿ ಹಿರಿಯನೊಬ್ಬನನ್ನು ಹಿಂದಿನ ಮಳೆಗಾಲದಲ್ಲಿ ಎಲ್ಲರೆದುರು ಬೈದಿದ್ದೆ. "ಅದ್ಯಾವತ್ತೋ ಮರ್ತೋಯ್ತು ಬುಡಿ ಸಾಮಿ, ಓಗ್ಬನ್ನಿ" ಎಂದು ಆತ ನಕ್ಕು, ದಾರಿಗಿರಲಿ ಎಂದು ಒಂದು ಸಣ್ಣ ಕುಡಿಕೆ ಜೇನು ಕೊಟ್ಟ. ಎದುರು ಮನೆಯ ಬೆಲ್ಲದ ವ್ಯಾಪಾರಿ ನನ್ನ ತಂದೆಯ ಗೆಳೆಯರು, ಲಿಂಗಾಯತರು. ಅವರು ನನ್ನ ಕೈಯನ್ನೇ ತಳ್ಳಿಬಿಟ್ಟರು. "ನೀನೇನ್ಲಾ ತಪ್ಪು ಮಾಡೀಯ ನಂಗೆ? ಅಮ್ಮನ್ನ ಉಷಾರಾಗಿ ಕರ್ಕೊಂಡೋಗ್ಬಾ. ಕಾಗ್ದ ಆಕ್ತಾ ಇರು, ನಿನ್ನೆಂಡ್ರಿಗೆ ನಾನೇ ಓದಿ ಏಳ್ತೀನಿ ಕಣ್ಲಾ."

ಆ ಹೆಂಡತಿಯ ಹತ್ತಿರ ಮಾತ್ರ ನಾನು ಮಾಫಿ ಕೇಳಲಿಲ್ಲ. ಮನೆಯವಳಲ್ಲವೇ, ಅವಳ ಹತ್ತಿರ ಕೇಳುವುದೇನು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಕೇಳಲು ನನಗೆ ಹೆದರಿಕೆಯಿತ್ತು.

ಅದಕ್ಕೆ ಎರಡು ವರ್ಷ ಹಿಂದೆ ನಮ್ಮ ಮಗಳಿಗೆ ಮೂರು ವರ್ಷವಾಗಿತ್ತು. ಹೆಂಡತಿ ತಂಗಿಯ ಮದುವೆಗೆಂದು ಮಗುವನ್ನು ಕರೆದುಕೊಂಡು ತವರಾದ ಭೇರ್ಯಕ್ಕೆ ಹೊರಟಳು. ಅಲ್ಲಿ ಎರಡನೆಯ ದಿನ ಮಗುವಿಗೆ ಜ್ವರ ಏರಿತು. ಮದುವೆಯ ಗದ್ದಲದಲ್ಲಿ ಗಾಡಿ ಸಿಕ್ಕಿ, ಕೆ.ಆರ್. ನಗರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮಗು ಹೋಗಿತ್ತು. ಮಣ್ಣು ಮಾಡಿದ ಮೂರನೆಯ ದಿನ, ನೆಂಟರೆಲ್ಲ ಕೂತಿದ್ದಾಗ, ನಾನು ಅವಳಿಗೆ ಅಂದೆ: "ನೀನು ತವರು ತವರು ಅಂತ ಓಡದೇ ಇದ್ದಿದ್ದರೆ ನನ್ನ ಮಗು ಉಳಿಯುತ್ತಿತ್ತು." ನಮ್ಮ ಮಗು ಎನ್ನಲೂ ಇಲ್ಲ. ಅವಳು ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ನಾವಿಬ್ಬರೂ ಆ ಮಾತನ್ನು ಎತ್ತಲಿಲ್ಲ.

ಇನ್ನೊಂದು ಸಂಗತಿ ಇದೆ. ಭೇರ್ಯಕ್ಕೆ ಹೊರಟ ದಿನ ತಾಯಿ ಮಗಳನ್ನು ಬಸ್ಸು ಹತ್ತಿಸಿದವನು ನಾನೇ. ಕಿಟಕಿಯಿಂದ ಮಗುವನ್ನು ಅವಳ ಮಡಿಲಿಗೆ ಕೊಡುವಾಗ ಅದರ ಹಣೆ ನನ್ನ ಕೆನ್ನೆಗೆ ತಾಗಿತು. ಬಿಸಿಯಾಗಿತ್ತು. ಬಿಸಿಲಿಗೆ ಹಾಗಾಗಿರಬೇಕು, ಡಿಪೋಗೆ ಬೇರೆ ಹೊತ್ತಾಯಿತು ಎಂದು ಬಾಯಿ ಮುಚ್ಚಿಕೊಂಡು ಹೊರಟುಬಿಟ್ಟೆ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ನಮ್ಮ ತಂಡದಲ್ಲಿ ನಾಲ್ಕು ತಾಲ್ಲೂಕಿನ ಹದಿನಾಲ್ಕು ಜನ. ಮುಖಂಡರು ಕೆ.ಆರ್. ನಗರದ ನಿವೃತ್ತ ಉರ್ದು ಮೇಷ್ಟ್ರು. ಜೀವನದಲ್ಲಿ ಒಂದೇ ಸಲ ಹೊರಡುವುದಾದರೆ ಹಜ್‌ಗೆ ಮುಂಚೆ ಆ ಕಡೆಯ ಊರುಗಳನ್ನೆಲ್ಲ ನೋಡಿಯೇ ಬಿಡೋಣ ಎಂಬುದು ಅವರ ಹಟ. ಬೊಂಬಾಯಿಯಿಂದ ಹಡಗಿನಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಡಮಾಸ್ಕಸ್, ಜೆರುಸಲೇಮ್. ಪ್ರತಿ ಊರಿನಲ್ಲೂ ಮೇಷ್ಟ್ರು ಛತ್ರಿ ಎತ್ತಿ ನಮ್ಮನ್ನು ಹಾಜರಿ ತೆಗೆದುಕೊಳ್ಳುವಂತೆ ಎಣಿಸುತ್ತಿದ್ದರು. ಪಿರಿಯಾಪಟ್ಟಣದ ಮುದುಕರೊಬ್ಬರು ಪ್ರತಿ ಸಲವೂ "ಹಾಜರ್" ಎಂದು ಕೂಗುತ್ತಿದ್ದರು.

ಬಾಗ್ದಾದಿನ ದೊಡ್ಡ ಪೀರರ ದರ್ಗಾದಲ್ಲಿ ನಾನು ಊರಿನ ಪಟ್ಟಿ ತೆಗೆದೆ. ಯಾರ ಯಾರ ಪರವಾಗಿ ಏನೇನು ಬೇಡಿಕೊಳ್ಳಬೇಕು ಎಂದು ಹೊರಡುವ ಮುಂಚೆ ಬರೆದುಕೊಂಡದ್ದು. ಒಬ್ಬರಿಗೆ ಗಂಡುಮಗು, ಒಬ್ಬರಿಗೆ ಮಂಡಿನೋವು, ಬೆಲ್ಲದವರಿಗೆ ಮಗಳ ಸಂಬಂಧ. ಒಂದೊಂದಾಗಿ ಓದಿ ಮುಗಿಸಿದೆ. ಹೆಂಡತಿಯ ಹೆಸರು ಅದರಲ್ಲಿ ಇರಲಿಲ್ಲ. ನನಗಾಗಿ ಇದನ್ನು ಕೇಳಿ ಬನ್ನಿ ಎಂದು ಅವಳು ಏನನ್ನೂ ಹೇಳಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

ಡಮಾಸ್ಕಸ್ಸಿನ ಚಾವಣಿ ಹಾಕಿದ ಪೇಟೆಯಲ್ಲಿ ಅವಳಿಗೆಂದು ಹಸಿರು ರೇಷ್ಮೆ ಬಟ್ಟೆ ಆರಿಸುತ್ತಿದ್ದೆ. ಅಮ್ಮ ಪಕ್ಕದಲ್ಲಿ ನಿಂತು ನೋಡಿದಳು. ನಮ್ಮ ಮನೆಮಾತು ಉರ್ದು. ಅವಳು ಹೇಳಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ಬಟ್ಟೆ ಕೊಟ್ಟು ಮುಗಿಸಿಬಿಡ್ತೀಯಾ?"

"ಏನನ್ನ?"

"ಏನನ್ನ ಅಂತ ನನ್ನ ಕೇಳಬೇಡ. ಆ ದಿನ ನಾನೂ ಅಲ್ಲೇ ಕೂತಿದ್ದೆ. ಕಾಡಿನವರೆಗೆ ಹೋಗಿ ಮಾಫಿ ಕೇಳಿದವನು ಅಡುಗೆಮನೆಗೆ ಹೋಗಲಿಲ್ಲ."

ಪರದೇಶದ ಪೇಟೆಯ ನಡುವೆ ನಾನು ಹೆತ್ತ ತಾಯಿಯ ಮೇಲೆ ರೇಗಿದೆ. ಹೆಣ್ಣುಮಕ್ಕಳೆಲ್ಲ ಒಂದಾಗಿಬಿಟ್ಟಿರಿ ಎಂದು ಏನೇನೋ ಅಂದು, ಬಟ್ಟೆಯನ್ನು ಅಲ್ಲೇ ಬಿಟ್ಟು ನಡೆದೆ. ಸ್ವಲ್ಪ ಹೊತ್ತು ದಾರಿಯೂ ತಪ್ಪಿತು. ತಿರುಗಿ ಬಂದಾಗ ಅಮ್ಮ ಅದೇ ಅಂಗಡಿಯ ಮುಂದೆ ನೆಲದ ಮೇಲೆ ಕೂತಿದ್ದಳು, ಮೇಷ್ಟ್ರು ಛತ್ರಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.

ಜೆರುಸಲೇಮಿನಲ್ಲಿ ಕಾಗದ ಬರೆಯಲು ಕೂತೆ. ಹೆಂಡತಿಗೆ ಓದು ಬಾರದು. ನಾನು ಕನ್ನಡದಲ್ಲಿ ಬರೆದದ್ದನ್ನು ಬೆಲ್ಲದವರು ನಮ್ಮ ಜಗುಲಿಯಲ್ಲಿ ಕೂತು ಓದುತ್ತಾರೆ, ಅವಳು ಪರದೆಯ ಹಿಂದೆ ನಿಂತು ಕೇಳುತ್ತಾಳೆ. ಬೆಲ್ಲದವರ ಗಂಟಲು ಬೀದಿಯ ಆ ತುದಿಗೂ ಕೇಳಿಸುವಂಥದ್ದು. ಬೈದದ್ದೂ ನಾಲ್ಕು ಜನರ ಮುಂದೆ, ಮಾಫಿಯೂ ಇನ್ನೊಬ್ಬರ ಬಾಯಲ್ಲಿ ಬೀದಿಗೆಲ್ಲ ಕೇಳುವಂತೆ ಬರಬೇಕೇ? ಎರಡು ಸಲ ಬರೆದು ಎರಡು ಸಲವೂ ಹರಿದೆ. ಕೊನೆಗೆ ಅಮ್ಮನ ಕಾಲುನೋವು ಕಡಿಮೆಯಾಗಿದೆ, ಇಲ್ಲಿ ಅಂಜೂರ ಚೆನ್ನಾಗಿದೆ ಎಂದು ಬರೆದು ಅಂಚೆಗೆ ಹಾಕಿದೆ.

ಮದೀನಾ ನೋಡಿಕೊಂಡು ಮೆಕ್ಕಾ ಮುಟ್ಟಿದೆವು. ಅರಫಾತಿನ ಬಯಲಿನಲ್ಲಿ ಇಡೀ ದಿನ ನಿಂತು ಬೇಡಿಕೊಳ್ಳಬೇಕು, ಹಜ್ ಎಂದರೆ ಮುಖ್ಯವಾಗಿ ಅದೇ. ಸುತ್ತಲೂ ಜನ ಗೋಳಾಡಿ ಅಳುತ್ತಿದ್ದರು, ಮೇಷ್ಟ್ರು ಕೂಡ. ನಾನು ಕೈ ಎತ್ತಿದೆ. ನೀನು ಮನ್ನಿಸು ಎನ್ನಲು ಬಾಯಿ ಬರಲಿಲ್ಲ. ಮೊದಲು ಅವಳನ್ನು ಕೇಳಿ ಬಾ ಎಂದು ಯಾರೋ ತಳ್ಳುತ್ತಿದ್ದಂತೆ ಆಗುತ್ತಿತ್ತು. ಮಾರನೆಯ ದಿನ ಪಿರಿಯಾಪಟ್ಟಣದ ಮುದುಕರು ಬಿಸಿಲು ತಾಳಲಾರದೆ ತೀರಿಕೊಂಡರು. ಅವರನ್ನು ಅಲ್ಲೇ ಮಣ್ಣು ಮಾಡಿ ಬಂದ ಮೇಲೆ ಮೇಷ್ಟ್ರು ನಮ್ಮನ್ನು ಎಣಿಸುವುದನ್ನೇ ಬಿಟ್ಟರು. ನನಗೆ ನಿಜವಾದ ಭಯ ಹಿಡಿಯಿತು. ನಾನು ಇಲ್ಲೇ ಹೋಗಿಬಿಟ್ಟರೆ? ಅಥವಾ ಅಲ್ಲಿ ಅವಳಿಗೇ ಏನಾದರೂ ಆದರೆ? ವಾಪಸು ಹಡಗಿನಲ್ಲಿ ಅಷ್ಟು ದಿನವೂ ಹುಣಸೂರಿನ ನನ್ನ ಮನೆಯ ಬಾಗಿಲೊಂದೇ ಕಣ್ಣ ಮುಂದಿತ್ತು.

ಹಜ್ ಮುಗಿಸಿ ಬಂದವನು ಮನೆಯೊಳಗೆ ಕಾಲಿಡುವ ಮುಂಚೆ ಮಾಡಿದ ಪ್ರಾರ್ಥನೆ ಸಲ್ಲುತ್ತದೆ ಎಂಬ ನಂಬಿಕೆ ನಮ್ಮವರದು. ಹಾಗಾಗಿ ಹುಣಸೂರಿನ ಬಸ್ಸು ನಿಲ್ದಾಣದಲ್ಲೇ ಜನ ಮುತ್ತಿಕೊಂಡರು. ಹಾರ ಹಾಕಿದರು, ಕೈಗೆ ಮುತ್ತಿಟ್ಟರು, ನಮಗಾಗಿ ಬೇಡಿಕೊಳ್ಳಿ ಎಂದರು. ಬೆಲ್ಲದವರು ಎಲ್ಲರನ್ನೂ ಸರಿಸಿಕೊಂಡು ಬಂದು ಅಪ್ಪಿಕೊಂಡರು. ನಾನು ಎಲ್ಲರಿಗಾಗಿಯೂ ಕೈ ಎತ್ತಿದೆ, ನಾಚಿಕೆಯಿಂದ ಕುಗ್ಗಿಹೋದೆ. ಮನೆ ಮುಟ್ಟಿದ ಮೇಲೆ ಅಮ್ಮ ಜಗುಲಿಯಲ್ಲಿ ಕೂತು ಬಂದವರಿಗೆ ಖರ್ಜೂರ ಹಂಚತೊಡಗಿದಳು. ನನ್ನ ಕಡೆ ನೋಡಿ ಒಳಗೆ ಹೋಗು ಎಂದು ತಲೆಯಲ್ಲೇ ಸನ್ನೆ ಮಾಡಿದಳು.

ಹೆಂಡತಿ ಒಲೆಯ ಮುಂದೆ ಕೂತು ಬಂದವರಿಗೆ ಚಹಾ ಕಾಯಿಸುತ್ತಿದ್ದಳು. ಎದ್ದು ನಿಂತು ಸಲಾಂ ಹೇಳಿದಳು. ಹಾರವನ್ನೂ ತೆಗೆಯದೆ ನಾನು ಅಂದೆ: "ಮಗು ಹೋದಾಗ ನಾನೊಂದು ಮಾತು ಅಂದಿದ್ದೆ. ಮಾಫ್ ಮಾಡು."

ಅವಳು ಅರ್ಥವಾಗದವಳಂತೆ ನೋಡಿದಳು. "ಅದಕ್ಕೇಕೆ ಮಾಫಿ? ನೀವು ನಿಜವನ್ನೇ ಹೇಳಿದಿರಿ. ನಾನು ಹೋಗಬಾರದಿತ್ತು."

ಅವಳಿಗೆ ನನ್ನ ಮೇಲೆ ಕೋಪವಿದೆ ಎಂದುಕೊಂಡು ಅಷ್ಟು ದೇಶ ಸುತ್ತಿದ್ದೆ. ಕೋಪವೇ ಇರಲಿಲ್ಲ. ಅವಳು ನನ್ನನ್ನು ನಂಬಿದ್ದಳು. ಮಗುವನ್ನು ತಾನೇ ಕೊಂದೆ ಎಂದುಕೊಂಡು ಅಷ್ಟು ಕಾಲ ನನಗೆ ಅಡುಗೆ ಮಾಡಿ ಬಡಿಸಿದ್ದಳು.

ಬಸ್ಸಿನ ಕಿಟಕಿಯ ಸಂಗತಿ ಹೇಳಿದೆ. ಹಣೆ ನನ್ನ ಕೆನ್ನೆಗೆ ತಾಗಿದ್ದು, ಬಿಸಿಯಿದ್ದದ್ದು, ನನಗೆ ಗೊತ್ತಾಗಿಯೂ ಸುಮ್ಮನೆ ಹೋದದ್ದು. ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದಳು.

"ಎಷ್ಟು ಬಿಸಿ ಇತ್ತು?" ಎಂದಳು. "ಸರಿಯಾಗಿ ಹೇಳಿ. ಎಷ್ಟು ಬಿಸಿ ಇತ್ತು?"

"ಜ್ವರ ಅಂತ ಗೊತ್ತಾಗುವಷ್ಟು" ಎಂದೆ. "ಜ್ವರ ಇಲ್ಲಿಂದ ಹೊರಡುವಾಗಲೇ ಇತ್ತು."

ಅವಳು ಅಲ್ಲೇ ನೆಲಕ್ಕೆ ಕುಸಿದು ಗಟ್ಟಿಯಾಗಿ ಅತ್ತಳು. ಮಗು ಸತ್ತಾಗಲೂ ಅವಳು ಹಾಗೆ ಅತ್ತಿರಲಿಲ್ಲ, ನಾನು ಅಳಲು ಬಿಟ್ಟಿರಲಿಲ್ಲ. ಹೊರಗೆ ಜನ ಹಾಜಿ ಸಾಹೇಬರೇ ಎಂದು ಕರೆಯುತ್ತಿದ್ದರು. ನಾನು ಅವಳ ಪಕ್ಕದಲ್ಲೇ ಕೂತಿದ್ದೆ. ಮಾಫ್ ಮಾಡಿದೆ ಎಂದು ಅವಳು ಆ ದಿನ ಹೇಳಲಿಲ್ಲ, ಆಮೇಲೆಯೂ ಹೇಳಲಿಲ್ಲ. ಇನ್ನೊಮ್ಮೆ ಕೇಳುವ ಮುಖ ನನಗೂ ಇರಲಿಲ್ಲ.